ನೆಲದಡಿಯ ಇತಿಹಾಸ: ಹಮಾಮಿನಿಂದ ಬಚ್ಚಲುಮನೆಯವರೆಗೆ

ಹಳೆಯ ಕಟ್ಟಡಗಳನ್ನು ನೋಡಲು ಹೋದಾಗ ನಮ್ಮ ಕಣ್ಣು ಸಹಜವಾಗಿ ಮೇಲಕ್ಕೆ ಹೋಗುತ್ತದೆ. ಗುಂಬಜ್, ಮಿನಾರ್, ಕಮಾನು, ಕೆತ್ತನೆಗಳನ್ನು ಬೆರಗಿನಿಂದ ನೋಡುತ್ತೇವೆ. ಇತಿಹಾಸದ ಪುಸ್ತಕಗಳೂ ಅವುಗಳನ್ನೇ ವರ್ಣಿಸುತ್ತವೆ. ಆದರೆ ಕಾಲಡಿಯ ನೆಲದ ಬಗ್ಗೆ ವಿಚಾರಿಸುವವರು ಕಡಿಮೆ. ಅದರಲ್ಲೂ ಸ್ನಾನದ ಮನೆಯ ನೆಲ, ಆ ನೆಲದ ಟೈಲ್ಸ್ ಕೆಳಗೆ ಏನಿದೆ ಎಂಬ ಪ್ರಶ್ನೆ ಯಾರ ತಲೆಗೂ ಬರುವುದಿಲ್ಲ. ಕೆಳಗಿನ ಮನೆಯ ಸೂರಿನಲ್ಲಿ ನೀರು ತೊಟ್ಟಿಕ್ಕುವವರೆಗೆ!

ಇಂದು ಹಳ್ಳಿಯಿಂದ ನಗರದವರೆಗೆ ಎಲ್ಲೆಡೆ ಮನೆಗಳು ಏಳುತ್ತಿವೆ. ಮಸೀದಿಗಳ ವುಝೂ ಜಾಗ, ಹಾಸ್ಟೆಲುಗಳ ಬಚ್ಚಲುಮನೆ, ಶಾಲೆಗಳ ಶೌಚಾಲಯ ಎಲ್ಲವೂ ಟೈಲ್ಸ್‌ನಿಂದ ಹೊಳೆಯುತ್ತಿವೆ. ಇವುಗಳಲ್ಲಿ ಎಷ್ಟೋ ಕಡೆ ಕೆಲವೇ ವರ್ಷಗಳಲ್ಲಿ ಟೈಲ್ಸ್ ಟೊಳ್ಳಾಗಿ ಸದ್ದು ಮಾಡುತ್ತವೆ, ಸಂದುಗಳು ಕಪ್ಪಾಗುತ್ತವೆ, ಗೋಡೆಗೆ ತೇವ ಏರುತ್ತದೆ. ಅದೇ ಹೊತ್ತಿಗೆ, ಸಾವಿರಾರು ವರ್ಷಗಳ ಹಿಂದಿನ ಕೆಲವು ಸ್ನಾನಗೃಹಗಳ ನೆಲ ಇಂದಿಗೂ ಗಟ್ಟಿಯಾಗಿ ನಿಂತಿದೆ. ಇದು ಹೇಗೆ ಸಾಧ್ಯವಾಯಿತು? ಹಿಂದಿನವರ ಬಳಿ ಸಿಮೆಂಟ್ ಇರಲಿಲ್ಲ, ಯಂತ್ರವಿರಲಿಲ್ಲ, ಡಬ್ಬಿಯಲ್ಲಿ ಬರುವ ರಾಸಾಯನಿಕವೂ ಇರಲಿಲ್ಲ. ಆದರೆ ಒಂದು ತಿಳಿವಳಿಕೆ ಇತ್ತು. ನೀರನ್ನು ತಡೆಯುವುದು ಮೇಲಿನ ಹಾಸು ಅಲ್ಲ, ಅದರ ಕೆಳಗಿನ ಪದರ ಎಂಬ ತಿಳಿವಳಿಕೆ. ಈ ತಿಳಿವಳಿಕೆ ನಾಡಿನಿಂದ ನಾಡಿಗೆ ಹೇಗೆ ಸಾಗಿ ಬಂತು, ನಮ್ಮ ಕಾಲದಲ್ಲಿ ಹೇಗೆ ಕೈತಪ್ಪಿತು ಎಂಬುದೇ ಈ ಲೇಖನದ ವಿಷಯ.

ಸಿಂಧೂ ಕಣಿವೆಯ ಪಾಠ

ನೀರು ನಿಲ್ಲುವ ನೆಲವನ್ನು ಶಾಸ್ತ್ರೀಯವಾಗಿ ಕಟ್ಟಿದ ಅತ್ಯಂತ ಹಳೆಯ ಉದಾಹರಣೆಗಳಲ್ಲೊಂದು ನಮ್ಮ ಉಪಖಂಡದಲ್ಲೇ ಇದೆ. ಈಗ ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿರುವ ಮೊಹೆಂಜೊದಾರೊದ ಮಹಾ ಸ್ನಾನಗೃಹವನ್ನು ಪುರಾತತ್ವ ಇಲಾಖೆ 1925-26ರಲ್ಲಿ ಅಗೆದು ತೆಗೆಯಿತು. ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದ ಈ ಕೊಳ ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳವಿದೆ. ಇದರ ಇಟ್ಟಿಗೆಗಳನ್ನು ಮಟ್ಟಸವಾಗಿ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಜಿಪ್ಸಂ ಗಾರೆಯಲ್ಲಿ ಒತ್ತೊತ್ತಾಗಿ ಜೋಡಿಸಿದ್ದಾರೆ. ಇಟ್ಟಿಗೆ ಗೋಡೆಯ ಹಿಂಬದಿಯಲ್ಲಿ ಸುಮಾರು ಒಂದು ಅಂಗುಲ ದಪ್ಪಕ್ಕೆ ನೈಸರ್ಗಿಕ ಡಾಂಬರನ್ನು ಬಳಿದಿದ್ದಾರೆ. ಒಂದು ಮೂಲೆಯ ಕಡೆಗೆ ಇಳಿಜಾರು ಕೊಟ್ಟು, ಅಲ್ಲಿಂದ ನೀರು ಹೊರಹೋಗಲು ಚರಂಡಿ ಮಾಡಿದ್ದಾರೆ.

ಇದು ಸಾರ್ವಜನಿಕ ಕೊಳದ ಮಾತಾಯಿತು. ಸಾಮಾನ್ಯರ ಮನೆಗಳಲ್ಲೂ ಬೀದಿಯ ಬದಿಗೆ ಪುಟ್ಟ ಬಚ್ಚಲುಗಳಿದ್ದವು. ಅವುಗಳ ಇಟ್ಟಿಗೆಗಳನ್ನು ಉಜ್ಜಿ ನಯಮಾಡಿ, ಸಂದು ಕಾಣದಂತೆ ಕೂಡಿಸಿ, ನೆಲವನ್ನು ಒಂದು ಮೂಲೆಗೆ ವಾಲಿಸಲಾಗುತ್ತಿತ್ತು. ರಾಜಸ್ಥಾನದ ಕಾಲಿಬಂಗನ್‌ನಲ್ಲಿ ಒಂದರೊಳಗೊಂದು ಸೇರಿದ ವೃತ್ತಗಳ ಚಿತ್ತಾರವಿರುವ ಸುಟ್ಟ ಮಣ್ಣಿನ ಬಿಲ್ಲೆಗಳ ನೆಲವೂ ಸಿಕ್ಕಿದೆ. ಅಂದರೆ ಅಂದಕ್ಕಾಗಿ ಬಿಲ್ಲೆ ಹಾಸುವ ಕಲೆ ಆ ಜನರಿಗೆ ತಿಳಿದಿತ್ತು. ಆದರೆ ನೀರು ಬೀಳುವ ಜಾಗಕ್ಕೆ ಬಂದಾಗ ಅವರು ಅಂದಕ್ಕಿಂತ ಮೊದಲು ಮೂರು ಸಂಗತಿಗಳನ್ನು ಗಮನಿಸಿದರು: ಗಟ್ಟಿಯಾದ ತಳ, ನೀರು ಇಂಗದ ಪದರ, ಮೂಲೆಗೆ ಇಳಿಜಾರು. ಈ ಮೂರನ್ನು ವಿದ್ಯಾರ್ಥಿಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕತೆಯೆಲ್ಲ ಈ ಮೂರರ ಸುತ್ತಲೇ ತಿರುಗುತ್ತದೆ.

ರೋಮಿನ ಗ್ರಂಥದಲ್ಲಿ

ಈ ಕೆಲಸವನ್ನು ಅಳತೆ ಸಮೇತ ಬರೆದಿಟ್ಟವನು ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್. ಹತ್ತು ಭಾಗಗಳ ಅವನ ಗ್ರಂಥದ ಏಳನೆಯ ಭಾಗ ನೆಲ ಮಾಡುವ ವಿಧಾನದಿಂದಲೇ ಆರಂಭವಾಗುತ್ತದೆ. ಗೋಡೆಯ ಗಿಲಾವು, ಬಣ್ಣ ಮೊದಲಾದ ಅಲಂಕಾರದ ಮಾತೆಲ್ಲ ಆಮೇಲೆ ಬರುತ್ತದೆ.

ಅವನು ಹೇಳುವ ಕ್ರಮ ಹೀಗಿದೆ. ಮೊದಲು ನೆಲ ಎಲ್ಲೆಡೆ ಸಮನಾಗಿ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಬೇಕು. ಮಣ್ಣು ಸಡಿಲವಾಗಿದ್ದರೆ ದಮ್ಮಸು ಹೊಡೆದು ಗಟ್ಟಿ ಮಾಡಬೇಕು. ಅದರ ಮೇಲೆ ಮುಷ್ಟಿಗಿಂತ ಚಿಕ್ಕದಲ್ಲದ ಕಲ್ಲುಗಳ ಹಾಸು. ಅದರ ಮೇಲೆ ಮೂರು ಪಾಲು ಜಲ್ಲಿಗೆ ಒಂದು ಪಾಲು ಸುಣ್ಣ ಬೆರೆಸಿದ ದಪ್ಪ ಪದರ. ಇದನ್ನು ಆಳುಗಳ ತಂಡ ಮರದ ದಿಮ್ಮಿಗಳಿಂದ ಬಡಿದು ಬಡಿದು, ಮುಗಿದಾಗ ಮುಕ್ಕಾಲು ಅಡಿಗೆ ಕಡಿಮೆಯಾಗದಂತೆ ಮಾಡಬೇಕು. ಅದರ ಮೇಲೆ ಮೂರು ಪಾಲು ಹೆಂಚಿನ ಪುಡಿಗೆ ಒಂದು ಪಾಲು ಸುಣ್ಣ ಸೇರಿಸಿದ, ಆರು ಬೆರಳು ದಪ್ಪದ ಇನ್ನೊಂದು ಪದರ. ಇಷ್ಟೆಲ್ಲ ಆದ ಮೇಲೆ ರಸಮಟ್ಟದ ಲೆಕ್ಕದಲ್ಲಿ ಬಿಲ್ಲೆಗಳನ್ನು ಕೂರಿಸಬೇಕು. ಒಂದಂಗುಲದ ಅಂದದ ಕೆಳಗೆ ಒಂದಡಿಗೂ ಮಿಕ್ಕಿದ ಸಿದ್ಧತೆ!

ಮಳೆ ನೀರು ಬೀಳುವ ತೆರೆದ ನೆಲಕ್ಕೆ ಅವನ ನಿಯಮ ಇನ್ನೂ ಬಿಗಿ. ಹತ್ತು ಅಡಿಗೆ ಎರಡು ಬೆರಳಿನಷ್ಟು ಇಳಿಜಾರು ಇರಬೇಕು ಎನ್ನುತ್ತಾನೆ. ರೋಮನ್ ಅಳತೆಯಲ್ಲಿ ಒಂದು ಅಡಿಗೆ 16 ಬೆರಳು. ಹಾಗಾಗಿ ಇದು 80ಕ್ಕೆ 1ರ ಇಳಿಜಾರು. ಎಂಟು ಅಡಿ ಉದ್ದದ ನಮ್ಮ ಬಚ್ಚಲುಮನೆಗೆ ಲೆಕ್ಕ ಹಾಕಿದರೆ ಒಂದೂಕಾಲು ಇಂಚಿನಷ್ಟು ಆಗುತ್ತದೆ. ಇಂದಿನ ಕಸುಬುದಾರರು ಕೊಡುವ ಇಳಿಜಾರೂ ಇದರ ಆಸುಪಾಸಿನಲ್ಲೇ ಇದೆ. ಮಹಡಿಯ ಮರದ ನೆಲದ ಬಗ್ಗೆಯೂ ಅವನು ಎಚ್ಚರಿಕೆ ಕೊಡುತ್ತಾನೆ. ಮರ ಒಣಗುತ್ತದೆ, ಬಾಗುತ್ತದೆ, ಆಗ ಮೇಲಿನ ಗಾರೆ ಬಿರುಕು ಬಿಡುತ್ತದೆ. ಆದ್ದರಿಂದ ತಳವು ಅಲುಗದಂತೆ ಮೊದಲೇ ಯೋಚಿಸಬೇಕು ಎಂಬುದು ಅವನ ಸಲಹೆ.

ರೋಮಿನ ಸ್ನಾನಗೃಹಗಳಲ್ಲಿ ಇನ್ನೊಂದು ವಿಶೇಷವಿತ್ತು. ಅಲ್ಲಿ ನೆಲವೇ ಬಿಸಿಯಾಗುತ್ತಿತ್ತು. ಎರಡು ಅಡಿ ಎತ್ತರದ ಇಟ್ಟಿಗೆ ಕಂಬಗಳ ಮೇಲೆ ದೊಡ್ಡ ಬಿಲ್ಲೆಗಳನ್ನಿಟ್ಟು ತೂಗುನೆಲ ಮಾಡಿ, ಅದರ ಕೆಳಗೆ ಒಲೆಯ ಬಿಸಿಗಾಳಿ ಹರಿಯುವಂತೆ ಮಾಡುತ್ತಿದ್ದರು. ಆ ಕೆಳಗಿನ ತಳಕ್ಕೂ ಇಳಿಜಾರು ಬೇಕು. ಒಂದು ಚೆಂಡನ್ನು ಒಳಗೆ ಎಸೆದರೆ ಅದು ತಾನಾಗಿ ಒಲೆಯ ಬಾಯಿಗೆ ಉರುಳಿ ಬರಬೇಕು ಎಂದು ವಿಟ್ರುವಿಯಸ್ ಪರೀಕ್ಷೆಯ ವಿಧಾನವನ್ನೂ ಹೇಳುತ್ತಾನೆ.

ಹಮಾಮುಗಳ ಕಾಲ

ಅರಬರು ಸಿರಿಯಾ, ಪ್ಯಾಲೆಸ್ತೀನ್, ಜೋರ್ಡಾನ್ ಪ್ರದೇಶಗಳನ್ನು ಆಳತೊಡಗಿದಾಗ ಈ ವಿದ್ಯೆ ಅವರ ಕೈ ಸೇರಿತು. ಶುಚಿತ್ವಕ್ಕೆ, ಗುಸ್ಲ್ ಮತ್ತು ವುಝೂಗೆ ಮಹತ್ವವಿದ್ದ ಸಮಾಜದಲ್ಲಿ ಸ್ನಾನಗೃಹವು ಶ್ರೀಮಂತರ ಮೋಜಾಗಿ ಮಾತ್ರ ಉಳಿಯದೆ ಪ್ರತಿ ಪಟ್ಟಣದ ಅಗತ್ಯವಾಯಿತು. ಜೋರ್ಡಾನಿನ ಮರುಭೂಮಿಯಲ್ಲಿರುವ ಕುಸೈರ್ ಅಮ್ರಾ ಎಂಟನೆಯ ಶತಮಾನದ ಉಮಯ್ಯದರ ಕಾಲದ್ದು. ಅದರ ಗೋಡೆಚಿತ್ರಗಳು ಜಗತ್ಪ್ರಸಿದ್ಧ. 1985ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಆ ಚಿತ್ರಗಳಿಗೆ ಬೆರಗಾಗುವವರು ಅಲ್ಲಿನ ಬಿಸಿ ಕೋಣೆಯ ನೆಲದಡಿಯ ವ್ಯವಸ್ಥೆಯನ್ನೂ ನೋಡಬೇಕು. ಜೆರಿಕೊ ಬಳಿಯ ಹಿಶಾಮ್ ಅರಮನೆಯ ಸ್ನಾನಗೃಹದ ಸಭಾಂಗಣದಲ್ಲಿ 800 ಚದರ ಮೀಟರಿಗೂ ಹೆಚ್ಚು ವಿಸ್ತಾರದ ಚಿಕ್ಕ ಕಲ್ಲುಗಳ ಚಿತ್ತಾರದ ನೆಲವಿದೆ. 749ರ ಸುಮಾರಿಗೆ ಬಂದ ಭೂಕಂಪಕ್ಕೆ ಕಟ್ಟಡ ಕುಸಿದರೂ ನೆಲ ಉಳಿಯಿತು. ದುರಸ್ತಿಯ ನಂತರ 2021ರಲ್ಲಿ ಅದನ್ನು ಸಾರ್ವಜನಿಕರ ವೀಕ್ಷಣೆಗೆ ತೆರೆದರು.

ಈ ನಾಡುಗಳಲ್ಲೆಲ್ಲ ನೀರಿನ ಜಾಗಕ್ಕೆ ಬಳಸಿದ ಮುಖ್ಯ ವಸ್ತು ಒಂದೇ: ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣ. ಬರೀ ಸುಣ್ಣದ ಗಾರೆ ಗಟ್ಟಿಯಾಗಲು ಗಾಳಿ ಬೇಕು, ಸದಾ ನೀರಿನಲ್ಲಿದ್ದರೆ ಅದು ಕರಗಿ ಸಡಿಲಾಗುತ್ತದೆ. ಆದರೆ ಸುಟ್ಟ ಮಣ್ಣಿನಲ್ಲಿರುವ ಸಿಲಿಕಾ ಮತ್ತು ಅಲ್ಯೂಮಿನಾ ಸುಣ್ಣದೊಡನೆ ಸೇರಿದಾಗ ನೀರಿನಲ್ಲೂ ಗಟ್ಟಿಯಾಗುವ ಹೊಸ ವಸ್ತು ಹುಟ್ಟುತ್ತದೆ. ರಸಾಯನಶಾಸ್ತ್ರದ ಈ ವಿವರಣೆ ಬಂದದ್ದು ಬಹಳ ತಡವಾಗಿ. ಕೈಕೆಲಸದವರು ಅನುಭವದಿಂದ ಅದನ್ನು ಮೊದಲೇ ಅರಿತಿದ್ದರು. ಈ ಪುಡಿಯ ಹೆಸರುಗಳೇ ಒಂದು ಇತಿಹಾಸ. ಈಜಿಪ್ಟಿನಲ್ಲಿ ಅದು ‘ಹುಮ್ರಾ’, ಅಂದರೆ ಕೆಂಪು. ತುರ್ಕಿಯಲ್ಲಿ ಅದರ ಗಾರೆಗೆ ‘ಹೊರಾಸಾನ್’ ಎಂಬ ಹೆಸರು, ಇರಾನಿನ ಖುರಾಸಾನ್ ಪ್ರಾಂತದ ನೆನಪು. ನಮ್ಮಲ್ಲಿ ಅದು ‘ಸುರ್ಕಿ’. ಪಾರ್ಸಿಯ ‘ಸುರ್ಖ್’ ಎಂದರೂ ಕೆಂಪೇ.

ನೆಲ ಕಟ್ಟಿದರೆ ಸಾಲದು, ಅದನ್ನು ಕಾಪಾಡುವ ಹೊಣೆಯೂ ಇತ್ತು. ಪೇಟೆಗಳ ಮೇಲ್ವಿಚಾರಣೆಗೆ ‘ಮುಹ್ತಸಿಬ್’ ಎಂಬ ಅಧಿಕಾರಿ ಇರುತ್ತಿದ್ದ. ಹನ್ನೆರಡನೆಯ ಶತಮಾನದ ಅಶ್ಶೈಝರಿ ಎಂಬ ಲೇಖಕ ಈ ಅಧಿಕಾರಿಗಳಿಗಾಗಿ ಬರೆದ ಕೈಪಿಡಿಯಲ್ಲಿ ಹಮಾಮುಗಳಿಗೇ ಒಂದು ಅಧ್ಯಾಯವಿದೆ. ಸ್ನಾನಗೃಹವನ್ನು ದಿನಕ್ಕೆ ಹಲವು ಬಾರಿ ತೊಳೆಯಿಸಬೇಕು. ನೆಲದ ಹಾಸನ್ನು ಒರಟಾದ ವಸ್ತುವಿನಿಂದ ಉಜ್ಜಿಸಬೇಕು. ಇಲ್ಲವಾದರೆ ಸಾಬೂನು ಮತ್ತು ಮೈಗೆ ಹಚ್ಚುವ ಎಲೆಯ ಲೋಳೆ ಅಂಟಿಕೊಂಡು ಜನ ಜಾರಿ ಬೀಳುತ್ತಾರೆ ಎಂದು ಅವನು ಬರೆಯುತ್ತಾನೆ. ಸುಮಾರು ಎಂಟುನೂರು ವರ್ಷಗಳ ಹಿಂದೆಯೇ ಬಚ್ಚಲಿನ ಜಾರಿಕೆ ಸರಕಾರದ ಕಾಳಜಿಯಾಗಿತ್ತು ಎಂಬುದು ನಾವು ಯೋಚಿಸಬೇಕಾದ ವಿಷಯ.

ನಮ್ಮ ನಾಡಿನಲ್ಲಿ

1526ರಲ್ಲಿ ಆಗ್ರಾಕ್ಕೆ ಬಂದ ಬಾಬರನಿಗೆ ಹಿಂದೂಸ್ತಾನದ ಮೂರು ಸಂಗತಿ ಸಹಿಸಲಾಗಲಿಲ್ಲ: ಸೆಖೆ, ಬಿರುಗಾಳಿ ಮತ್ತು ಧೂಳು. ಮೂರಕ್ಕೂ ಹಮಾಮೇ ಮದ್ದು ಎಂದು ಅವನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಯಮುನೆಯ ದಡದಲ್ಲಿ ತೋಟದ ಜೊತೆಗೆ ಹಮಾಮನ್ನೂ ಕಟ್ಟಿಸಿ, ಅದರ ನೆಲ ಮತ್ತು ಸೂರಿಗೆ ಬಯಾನಾದ ಕೆಂಪು ಕಲ್ಲನ್ನು ಬಳಸಿದ್ದನ್ನು ಅವನೇ ದಾಖಲಿಸಿದ್ದಾನೆ. ಮೊಮ್ಮಗ ಅಕ್ಬರನ ಫತೇಪುರ್ ಸಿಕ್ರಿಯಲ್ಲಿ ಹಕೀಮರ ಹಮಾಮ್ ಎಂದು ಕರೆಯುವ ದೊಡ್ಡ ಸ್ನಾನಗೃಹ ಇಂದಿಗೂ ಇದೆ.

ದಕ್ಷಿಣದಲ್ಲಿ ಬಾಬರನಿಗಿಂತ ಮೊದಲೇ ಬಹಮನಿಗಳು ಪರ್ಷಿಯಾದೊಡನೆ ನಂಟು ಬೆಳೆಸಿದ್ದರು. ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾದ ಬಣ್ಣದ ಹೆಂಚುಗಳು ಎಲ್ಲರಿಗೂ ಗೊತ್ತು. ಅದೇ ಊರಿನ ಕೋಟೆಯೊಳಗೆ ಶಾಹಿ ಹಮಾಮ್ ಇದೆ, ಪುರಾತತ್ವ ವಸ್ತು ಸಂಗ್ರಹಾಲಯಕ್ಕೆ ಜಾಗ ಕೊಟ್ಟ ಕಟ್ಟಡ ಅದೇ. ಹಂಪಿಯ ರಾಣಿಯ ಸ್ನಾನಗೃಹದ ಕೊಳ ಸುಮಾರು 15 ಮೀಟರ್ ಚೌಕ, ಆರು ಅಡಿ ಆಳ. ಇಟ್ಟಿಗೆ, ಸುಣ್ಣದ ಗಾರೆಗಳಲ್ಲಿ ಕಟ್ಟಿದ ಅದರ ಕಮಾನುಗಳಲ್ಲಿ ಸುಲ್ತಾನರ ನಾಡಿನ ಶೈಲಿ ಎದ್ದು ಕಾಣುತ್ತದೆ. ದೊರೆಗಳು ಯುದ್ಧಭೂಮಿಯಲ್ಲಿ ಎದುರಾಳಿಗಳಾಗಿದ್ದರೂ, ಕರಣೆ ಹಿಡಿದ ಕೈಗಳು ಗಡಿ ದಾಟಿ ಒಬ್ಬರಿಂದೊಬ್ಬರು ಕಲಿಯುತ್ತಲೇ ಇದ್ದವು. ನಮ್ಮ ಮಾತಿನಲ್ಲೂ ಅದರ ಗುರುತಿದೆ. ‘ಗಚ್ಚು’ ಎಂಬ ಪದದ ಹಿಂದೆ ಪಾರ್ಸಿಯ ‘ಗಚ್’ ಇದೆ, ‘ಮೇಸ್ತ್ರಿ’ ಎಂಬುದು ಪೋರ್ಚುಗೀಸರಿಂದ ಬಂದದ್ದು. ‘ಬಚ್ಚಲು’ ನಮ್ಮದೇ.

ದಕ್ಷಿಣದ ಗಾರೆ ಕೆಲಸದವರು ಈ ವಿದ್ಯೆಗೆ ತಮ್ಮ ಪಾಲನ್ನೂ ಸೇರಿಸಿದರು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ ದಿನಗಟ್ಟಲೆ ಕೊಳೆಯಲು ಬಿಡುತ್ತಿದ್ದರು. ವೃತ್ತಾಕಾರದ ಕಾಲುವೆಯಲ್ಲಿ ಕಲ್ಲಿನ ಗಾಲಿ ಉರುಳಿಸಿ, ಎತ್ತುಗಳ ಸಹಾಯದಿಂದ ಮರಳು, ಸುರ್ಕಿ, ಸುಣ್ಣಗಳನ್ನು ಬೆಣ್ಣೆಯಂತೆ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸುತ್ತಿದ್ದರು. ನೆಲಕ್ಕೆ ಇಟ್ಟಿಗೆ ಜಲ್ಲಿಯ ಗಾರೆ ಹಾಕಿ, ಸಾಲಾಗಿ ಕುಳಿತು ಮರದ ಕೊಡತಿಯಿಂದ ಬಡಿಯುತ್ತಿದ್ದರು. ಈ ಬಡಿತ ಗಾರೆಯ ಒಳಗಿನ ಗಾಳಿಯನ್ನೂ ಹೆಚ್ಚಿನ ನೀರನ್ನೂ ಹೊರಹಾಕಿ, ಬಿರುಕು ಬಾರದಂತೆ ನೋಡಿಕೊಳ್ಳುತ್ತಿತ್ತು. ಇದು ಅವಸರದ ಕೆಲಸವಲ್ಲ. ಆದರೆ ಒಮ್ಮೆ ಮಾಡಿದರೆ ಎರಡು ಮೂರು ತಲೆಮಾರು ಬಾಳುತ್ತಿತ್ತು.

ಸಿಮೆಂಟ್ ಬಂದ ಮೇಲೆ

1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬ ಇಟ್ಟಿಗೆ ಕೆಲಸಗಾರ ‘ಪೋರ್ಟ್‌ಲ್ಯಾಂಡ್ ಸಿಮೆಂಟ್’ಗೆ ಪೇಟೆಂಟ್ ಪಡೆದ. 1840ರಲ್ಲಿ ಅದೇ ದೇಶದ ರಿಚರ್ಡ್ ಪ್ರಾಸರ್ ಒಣ ಮಣ್ಣಿನ ಪುಡಿಯನ್ನು ಅಚ್ಚಿನಲ್ಲಿ ಒತ್ತುವ ವಿಧಾನ ಕಂಡುಹಿಡಿದ. ಕಾರ್ಖಾನೆಗಳಲ್ಲಿ ಒಂದೇ ಅಳತೆಯ ಬಿಲ್ಲೆಗಳು ರಾಶಿರಾಶಿಯಾಗಿ ಬರತೊಡಗಿದವು. ನಮ್ಮ ಕರಾವಳಿಯಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮಾಡಿನ ಹೆಂಚಿನ ಜೊತೆಗೆ ನೆಲದ ಹೆಂಚೂ ತಯಾರಾಗಿ, ಎಷ್ಟೋ ಮನೆಗಳ ನೆಲ ಕೆಂಪಾಯಿತು. ಭಾರತದಲ್ಲಿ 1914ರಲ್ಲಿ ಪೋರಬಂದರಿನ ಕಾರ್ಖಾನೆಯಿಂದ ಸಿಮೆಂಟ್ ಉತ್ಪಾದನೆ ನಿಜವಾದ ಅರ್ಥದಲ್ಲಿ ಆರಂಭವಾಯಿತು. 1922ರಲ್ಲಿ ಮುಂಬಯಿಯಲ್ಲಿ ಸ್ವದೇಶಿ ಸಿಮೆಂಟ್ ಟೈಲ್ಸ್ ತಯಾರಿಕೆ ಶುರುವಾಯಿತು.

ಹಾಗೆಂದು ಹಳೆಯ ವಿದ್ಯೆ ತಕ್ಷಣ ಸಾಯಲಿಲ್ಲ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆಯೇ. ಕಾವೇರಿಯ ಅಷ್ಟೊಂದು ನೀರನ್ನು ತಡೆದು ನಿಂತಿರುವ ಆ ಕಟ್ಟೆಗಿಂತ ದೊಡ್ಡ ಪ್ರಮಾಣಪತ್ರ ಆ ಗಾರೆಗೆ ಬೇಕೆ?

ಆದರೆ ಸಿಮೆಂಟಿನೊಡನೆ ಎರಡು ದೊಡ್ಡ ಬದಲಾವಣೆಗಳು ಬಂದವು. ಮೊದಲನೆಯದು ವೇಗ. ಬೆಳಿಗ್ಗೆ ಹಾಕಿದ್ದು ಸಂಜೆಗೆ ಗಟ್ಟಿ. ದಿನಗಟ್ಟಲೆ ಬಡಿಯುವ, ಕಾಯುವ ಸಹನೆ ಮೆಲ್ಲನೆ ಮರೆಯಾಯಿತು. ಎರಡನೆಯದು ಬಚ್ಚಲು ಇರುವ ಜಾಗ. ಹಿಂದೆ ಬಚ್ಚಲುಮನೆ ನೆಲದ ಮೇಲೆ, ಸಾಮಾನ್ಯವಾಗಿ ಹಿತ್ತಿಲ ಕಡೆಗೆ ಇರುತ್ತಿತ್ತು. ಒಂದಿಷ್ಟು ನೀರು ಇಂಗಿದರೂ ಮಣ್ಣಿಗೆ ಹೋಗುತ್ತಿತ್ತು, ಅಥವಾ ಬಾಳೆಯ ಬುಡಕ್ಕೆ. ಕಾಂಕ್ರೀಟ್ ಸ್ಲ್ಯಾಬ್ ಬಂದ ಮೇಲೆ ಬಚ್ಚಲು ಮಹಡಿ ಏರಿತು, ಮಲಗುವ ಕೋಣೆಗೆ ಅಂಟಿಕೊಂಡಿತು. ರೋಮಿನವರ ತೂಗುನೆಲದ ಕಷ್ಟ ಈಗ ಪ್ರತಿ ಮನೆಯ ಕಷ್ಟವಾಯಿತು. ಇಲ್ಲಿ ಇಂಗಿದ ನೀರು ಮಣ್ಣಿಗೆ ಹೋಗುವುದಿಲ್ಲ, ಸ್ಲ್ಯಾಬಿನೊಳಗಿನ ಕಬ್ಬಿಣಕ್ಕೆ ಹೋಗುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಉಬ್ಬಿದಾಗ ಕಾಂಕ್ರೀಟು ಸೀಳುತ್ತದೆ, ಚಕ್ಕೆಚಕ್ಕೆಯಾಗಿ ಉದುರುತ್ತದೆ. ಟೈಲ್ಸ್ ಸಂದಿನಲ್ಲಿ ಇಳಿಯುವ ಒಂದು ಹನಿ ಕೊನೆಗೆ ಮನೆಯ ಆಯುಷ್ಯವನ್ನೇ ತಿನ್ನುತ್ತದೆ. ಕೆಳಗಿನ ಮನೆಯವರೊಡನೆ ಜಗಳ, ದುರಸ್ತಿಯ ಸಾಲ ಇವೆಲ್ಲ ಅದರ ಹಿಂದೆಯೇ ಬರುತ್ತವೆ.

1990ರ ದಶಕದ ನಂತರ ಮೂರನೆಯ ಬದಲಾವಣೆ ಬಂತು. ವಿಟ್ರಿಫೈಡ್ ಟೈಲ್ಸ್ ಮಾರುಕಟ್ಟೆಯನ್ನು ತುಂಬಿತು. ಹಳೆಯ ಹೆಂಚು, ಸಿಮೆಂಟ್ ಬಿಲ್ಲೆಗಳು ನೀರು ಹೀರುತ್ತಿದ್ದವು. ಆದ್ದರಿಂದ ಸಿಮೆಂಟಿನ ಹಾಲು ಅವುಗಳ ಒಳಗೆ ಇಳಿದು ಬೇರು ಬಿಟ್ಟಂತೆ ಹಿಡಿಯುತ್ತಿತ್ತು. ವಿಟ್ರಿಫೈಡ್ ಟೈಲ್ ತನ್ನ ತೂಕದ ಶೇಕಡಾ ಅರ್ಧದಷ್ಟೂ ನೀರು ಹೀರುವುದಿಲ್ಲ. ಅದರ ಬೆನ್ನಿಗೆ ಸಿಮೆಂಟಿನ ಹಾಲು ಅಂಟುವುದು ಕಷ್ಟ. ಟೈಲ್ ಬದಲಾಯಿತು, ಹಾಸುವ ಕ್ರಮ ಬದಲಾಗಲಿಲ್ಲ. ನಮ್ಮ ನೆಲಗಳು ಟೊಳ್ಳಾಗಿ ಸದ್ದು ಮಾಡಲು ಇದು ಮುಖ್ಯ ಕಾರಣಗಳಲ್ಲೊಂದು. ಇದಕ್ಕೆ ಪರಿಹಾರ ಇಲ್ಲದಿಲ್ಲ. 1950ರ ದಶಕದಲ್ಲೇ ಅಮೆರಿಕದ ರಾಸಾಯನಿಕ ಎಂಜಿನಿಯರ್ ಹೆನ್ರಿ ರಾತ್‌ಬರ್ಗ್ ಸಿಮೆಂಟಿಗೆ ಲೇಟೆಕ್ಸ್ ಸೇರಿಸಿ ತೆಳುವಾಗಿ ಹಚ್ಚುವ ಅಂಟುಗಾರೆಯನ್ನು ರೂಪಿಸಿದ್ದರು. ಭಾರತೀಯ ಮಾನಕ ಬ್ಯೂರೊ 2004ರಲ್ಲಿ ಟೈಲ್ಸ್ ಅಂಟಿಗೆ ಐ.ಎಸ್. 15477 ಎಂಬ ಮಾನದಂಡ ಹೊರಡಿಸಿತು. ಆದರೂ ಎಷ್ಟೋ ಕಡೆ ಇಂದಿಗೂ ಸಿಮೆಂಟಿನ ಹಾಲು ಸುರಿದು ಟೈಲ್ ಕುಟ್ಟುವ ರೂಢಿಯೇ ನಡೆದಿದೆ.

ಇಂದಿನ ಕ್ರಮ

ಹಾಗಾದರೆ ಇಂದು ಒಂದು ಬಚ್ಚಲುಮನೆಯ ತಳವನ್ನು ಹೇಗೆ ಸಿದ್ಧಪಡಿಸಬೇಕು? ಇತಿಹಾಸ ಕಲಿಸಿದ ಮೂರು ಸಂಗತಿಗಳನ್ನೇ ಇಂದಿನ ವಸ್ತುಗಳಲ್ಲಿ ಮಾಡಿದರೆ ಸಾಕು.

ಮೊದಲನೆಯದು ಗಟ್ಟಿಯಾದ ತಳ. ಸ್ಲ್ಯಾಬಿನ ಮೇಲಿನ ಸಡಿಲ ಗಾರೆ, ಧೂಳು, ಎಣ್ಣೆಯ ಕಲೆ ಎಲ್ಲವನ್ನೂ ಕೆರೆದು ತೊಳೆಯಬೇಕು. ಬಿರುಕುಗಳನ್ನು ತೆರೆದು ತುಂಬಬೇಕು. ಪೈಪುಗಳ ಕೆಲಸ ಪೂರ್ತಿ ಮುಗಿದಿರಬೇಕು. ಪೈಪು ಸ್ಲ್ಯಾಬನ್ನು ದಾಟುವ ಜಾಗವನ್ನು ಕುಗ್ಗದ ಗಾರೆಯಿಂದ ಭದ್ರ ಮಾಡಬೇಕು. ಸೋರಿಕೆ ಹೆಚ್ಚಾಗಿ ಶುರುವಾಗುವುದು ಅಲ್ಲಿಂದಲೇ.

ಎರಡನೆಯದು ನೀರು ಇಂಗದ ಪದರ. ಗೋಡೆ ಮತ್ತು ನೆಲ ಕೂಡುವ ಮೂಲೆಯನ್ನು ಗಾರೆಯಿಂದ ದುಂಡಗೆ ತುಂಬಿ, ವಾಟರ್‌ಪ್ರೂಫ್ ಲೇಪನವನ್ನು ಒಂದರ ಮೇಲೊಂದು ಅಡ್ಡಡ್ಡವಾಗಿ ಎರಡು ಸಲ ಹಚ್ಚಬೇಕು. ಅದು ನೆಲಕ್ಕೆ ಮಾತ್ರ ನಿಲ್ಲದೆ ಗೋಡೆಯ ಮೇಲೂ ಒಂದಡಿಯಷ್ಟು ಏರಬೇಕು. ಮೈಮೇಲೆ ನೀರು ಸುರಿದುಕೊಳ್ಳುವ ಕಡೆ ಇನ್ನೂ ಮೇಲಕ್ಕೆ. ಲೇಪನ ಒಣಗಿದ ಮೇಲೆ ನೀರಿನ ದಾರಿ ಮುಚ್ಚಿ, ಒಂದೆರಡು ಇಂಚು ನೀರು ನಿಲ್ಲಿಸಿ, ಕನಿಷ್ಠ ಒಂದು ಹಗಲು ಒಂದು ರಾತ್ರಿ ಬಿಟ್ಟು ಕೆಳಗಿನ ಸೂರನ್ನು ನೋಡಬೇಕು. ಈ ಪರೀಕ್ಷೆಗೆ ತಗಲುವುದು ನೀರು ಮತ್ತು ತಾಳ್ಮೆ ಮಾತ್ರ. ವಿಟ್ರುವಿಯಸನ ಚೆಂಡಿನ ಪರೀಕ್ಷೆಯ ಹಾಗೆ, ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮೊದಲು ನೋಡುವ ಉಪಾಯ ಇದು.

ಮೂರನೆಯದು ಇಳಿಜಾರು, ನಮ್ಮ ಗಾರೆಯವರ ಮಾತಿನಲ್ಲಿ ‘ವಾಟ’. ಇದನ್ನು ಟೈಲ್ ಹಾಸುವಾಗ ಅಲ್ಲಿಷ್ಟು ಇಲ್ಲಿಷ್ಟು ಗಾರೆ ತುಂಬಿ ಕೊಡುವುದಲ್ಲ, ಟೈಲಿನ ಕೆಳಗಿನ ಪದರದಲ್ಲೇ ಕೊಡಬೇಕು. ತಗ್ಗು ಸ್ಲ್ಯಾಬನ್ನು ಇಟ್ಟಿಗೆ ಚೂರು ಮತ್ತು ಸಿಮೆಂಟ್ ಗಾರೆಯಿಂದ ತುಂಬುವ ಕ್ರಮ ನಮ್ಮಲ್ಲಿದೆಯಲ್ಲ, ಅದು ಹಳೆಯ ಇಟ್ಟಿಗೆ ಜಲ್ಲಿ ಗಾರೆಯ ಮೊಮ್ಮಗುವೇ. ಈ ಪದರಕ್ಕೆ ಕನಿಷ್ಠ ಒಂದು ವಾರ ನೀರುಣಿಸಿ, ಆಮೇಲೆ ಒಣಗಲು ಬಿಡಬೇಕು. ಬಾಗಿಲ ಬಳಿಯಿಂದ ಒಂದು ತಂಬಿಗೆ ನೀರು ಸುರಿದರೆ ಅದು ಎಲ್ಲೂ ನಿಲ್ಲದೆ ಜಾಲರಿಗೆ ಹೋಗಬೇಕು. ಇಷ್ಟಾದ ಮೇಲೆಯೇ ಟೈಲಿಗೆ ತಕ್ಕ ಅಂಟನ್ನು ಹಲ್ಲಿನ ಕರಣೆಯಿಂದ ಪೂರ್ತಿ ಹರಡಿ, ಕೆಳಗೆ ಗಾಳಿ ಉಳಿಯದಂತೆ ಒತ್ತಿ ಕೂರಿಸಬೇಕು. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಕೂರಿಸಿದ ಟೈಲಿನ ನಡುವೆ ನೀರು ಮನೆ ಮಾಡಿಕೊಳ್ಳುತ್ತದೆ. ಟೈಲ್ ಕತ್ತರಿಸುವಾಗ ಏಳುವ ಧೂಳಿನಲ್ಲಿ ಶ್ವಾಸಕೋಶ ತಿನ್ನುವ ಸಿಲಿಕಾ ಇರುತ್ತದೆ. ಆದ್ದರಿಂದ ನೀರು ಬಿಟ್ಟು ಕತ್ತರಿಸುವುದು, ಮುಖಕ್ಕೆ ಮಾಸ್ಕ್ ಕಟ್ಟುವುದು ಕಡ್ಡಾಯವಾಗಬೇಕು. ನೆಲ ಉಳಿದು ಕೆಲಸಗಾರನ ಆರೋಗ್ಯ ಹೋದರೆ ಏನು ಪ್ರಯೋಜನ?

ಕಾಣದ ಕೆಲಸದ ಬೆಲೆ

ಇಷ್ಟು ತಿಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ವಿದ್ಯೆಯೂ ಇದೆ, ವಸ್ತುವೂ ಇದೆ, ಆದರೂ ನಮ್ಮ ನೆಲಗಳೇಕೆ ಸೋರುತ್ತವೆ? ಉತ್ತರ ನಮ್ಮಲ್ಲೇ ಇದೆ. ಟೈಲ್ಸ್ ಅಂಗಡಿಯಲ್ಲಿ ಬಣ್ಣ, ಹೊಳಪು, ಅಳತೆ ಆರಿಸಲು ನಾವು ಇಡೀ ದಿನ ಕಳೆಯುತ್ತೇವೆ, ದುಬಾರಿಯಾದರೂ ಕೊಳ್ಳುತ್ತೇವೆ. ಅದರ ಕೆಳಗಿನ ಕೆಲಸಕ್ಕೆ ಬಂದಾಗ ಮೇಸ್ತ್ರಿಯೊಡನೆ ಚೌಕಾಸಿ ಮಾಡುತ್ತೇವೆ. ಗೃಹಪ್ರವೇಶದ ದಿನ ಗೊತ್ತಾಗಿರುತ್ತದೆ, ಬೇಗ ಮುಗಿಸಿ ಎನ್ನುತ್ತೇವೆ. ಒಂದು ವಾರ ಒದ್ದೆಯಾಗಿರಬೇಕಾದ ಪದರ ಮರುದಿನವೇ ಟೈಲಿನ ಕೆಳಗೆ ಅಡಗುತ್ತದೆ. ಪ್ರಾಮಾಣಿಕ ಮೇಸ್ತ್ರಿ ಹೆಚ್ಚು ದಿನ ಕೇಳಿದರೆ ಅವನನ್ನು ಬಿಟ್ಟು, ಕಡಿಮೆ ದಿನ ಹೇಳಿದವನನ್ನು ಕರೆಯುತ್ತೇವೆ. ಹೀಗೆ ಒಳ್ಳೆಯ ಕೆಲಸವನ್ನು ಕೈಯಾರೆ ಹೊರದೂಡಿದವರು ನಾವೇ.

ಇನ್ನೊಂದು ಕಾರಣ, ಪುಸ್ತಕದ ಓದಿಗೂ ಕೈಕೆಲಸಕ್ಕೂ ನಡುವೆ ಬೆಳೆದ ಗೋಡೆ. ವಿಟ್ರುವಿಯಸ್ ಗ್ರಂಥ ಬರೆಯುವಾಗ ಗಾರೆ ಬಡಿಯುವ ಆಳುಗಳ ಬಗ್ಗೆಯೂ ಬರೆದ. ಅಶ್ಶೈಝರಿ ಕಾನೂನಿನ ಕೈಪಿಡಿಯಲ್ಲಿ ಬಚ್ಚಲು ಉಜ್ಜುವ ವಿಧಾನಕ್ಕೆ ಜಾಗ ಕೊಟ್ಟ. ಅವರಿಗೆ ಇದು ಕೀಳು ವಿಷಯವಾಗಿ ಕಾಣಲಿಲ್ಲ. ಇಂದು ಎಂಜಿನಿಯರಿಂಗ್ ಓದಿದವನಿಗೆ ಕರಣೆ ಹಿಡಿಯಲು ಬರುವುದಿಲ್ಲ, ಕರಣೆ ಹಿಡಿದವನಿಗೆ ಸಿಮೆಂಟ್ ಏಕೆ ಗಟ್ಟಿಯಾಗುತ್ತದೆ ಎಂದು ಯಾರೂ ಹೇಳಿಕೊಡುವುದಿಲ್ಲ. ನಮ್ಮ ಊರುಗಳಿಂದ ಎಷ್ಟೋ ತರುಣರು ಟೈಲ್ಸ್ ಕೆಲಸ ಕಲಿತು ಬೆಂಗಳೂರಿಗೂ ಗಲ್ಫ್ ದೇಶಗಳಿಗೂ ಹೋಗಿ ಕುಟುಂಬ ಸಾಕುತ್ತಿದ್ದಾರೆ. ಅವರು ಕಲಿಯುವುದು ನೋಡಿ ನೋಡಿ, ಯಾರದೋ ಸಹಾಯಕರಾಗಿ ದುಡಿದು. ಶಿಕ್ಷಣ ಸಂಸ್ಥೆಗಳು ರಜೆಯಲ್ಲಿ ಕೆಲವೇ ವಾರಗಳ ತರಬೇತಿ ಇಟ್ಟು, ಒಬ್ಬ ಅನುಭವಿ ಮೇಸ್ತ್ರಿಯನ್ನೂ ಒಬ್ಬ ಎಂಜಿನಿಯರನ್ನೂ ಒಂದೇ ವೇದಿಕೆಗೆ ಕರೆದರೆ ಈ ಗೋಡೆಯಲ್ಲಿ ಒಂದು ಬಾಗಿಲಾದರೂ ತೆರೆದೀತು. ಪ್ರಮಾಣಪತ್ರವಿರುವ ಕುಶಲ ಕೆಲಸಗಾರನಿಗೆ ಸಿಗುವ ಕೂಲಿಯೂ ಗೌರವವೂ ಬೇರೆ.

ವಿದ್ಯಾರ್ಥಿ ಮಿತ್ರರೇ, ಮೊಹೆಂಜೊದಾರೊದಲ್ಲಿ ಡಾಂಬರು ಬಳಿದವನ ಹೆಸರು ನಮಗೆ ತಿಳಿಯದು. ಬೀದರಿನ ಹಮಾಮಿಗೆ ಗಚ್ಚು ಅರೆದವರ ಹೆಸರು ಯಾವ ಶಾಸನದಲ್ಲೂ ಇಲ್ಲ. ತಮ್ಮ ಕೆಲಸ ಮುಗಿದ ಮರುಕ್ಷಣವೇ ಅದು ಕಣ್ಣಿಗೆ ಕಾಣದಂತೆ ಮುಚ್ಚಿಹೋಗುತ್ತದೆ ಎಂದು ತಿಳಿದೂ ಅವರು ಅದನ್ನು ಸರಿಯಾಗಿ ಮಾಡಿದರು. ನೀವು ಮುಂದೆ ಎಂಜಿನಿಯರ್ ಆಗಿ, ಗುತ್ತಿಗೆದಾರರಾಗಿ, ಮೇಸ್ತ್ರಿಯಾಗಿ ಅಥವಾ ಸುಮ್ಮನೆ ಒಂದು ಮನೆಯ ಯಜಮಾನ, ಯಜಮಾನತಿಯಾಗಿ ಒಂದು ನೆಲದ ಕೆಲಸ ಮಾಡಿಸುವಾಗ ಟೈಲ್ ಆರಿಸುವ ಮೊದಲು ಅದರ ಕೆಳಗೇನು ಹಾಕುತ್ತೀರಿ ಎಂದು ಕೇಳಿ. ಆ ಕೆಲಸಕ್ಕೆ ಬೇಕಾದ ದಿನಗಳನ್ನೂ ಕೂಲಿಯನ್ನೂ ಮನಸಾರೆ ಕೊಡಿ. ನೀರು ನಿಲ್ಲಿಸಿ ಪರೀಕ್ಷಿಸುವವರೆಗೆ ಟೈಲ್ ಮುಟ್ಟಲು ಬಿಡಬೇಡಿ.